ಶಾಲೆಗೆ ತಡವಾಗಿ ಬಂದ ಸ್ವಾತಂತ್ರ್ಯ

ಸ್ವಾತಂತ್ರ್ಯ ಸಿಕ್ಕಿ ನಾಲ್ಕು ದಶಕ ಕಳೆಯುವ ಹೊತ್ತಿಗೆ ದೇಶದ ಜನಸಂಖ್ಯೆ ಮೊದಲಿಗಿಂತ ಕಡಿಮೆಯಾಗುವುದು ತೀರಾ ಅಪರೂಪ. ಐರ್ಲೆಂಡ್‌ನಲ್ಲಿ ಹಾಗಾಯಿತು. 1922ರಲ್ಲಿ ಬ್ರಿಟನ್ನಿನ ಹಿಡಿತದಿಂದ ಹೊರಬಂದ ಇಪ್ಪತ್ತಾರು ಕೌಂಟಿಗಳಲ್ಲಿ 1926ರ ಜನಗಣತಿಯ ಪ್ರಕಾರ 29.7 ಲಕ್ಷ ಜನರಿದ್ದರು. 1961ರ ಗಣತಿಯಲ್ಲಿ ಉಳಿದವರು 28.2 ಲಕ್ಷ. ದೊಡ್ಡ ಸಂಸಾರಗಳ ಆ ನಾಡಿನಲ್ಲಿ ಮಕ್ಕಳಿಗೆ ಕೊರತೆಯಿರಲಿಲ್ಲ, ಬೆಳೆದ ಮಕ್ಕಳಿಗೆ ಊರಲ್ಲಿ ಬದುಕು ಕಾಣುತ್ತಿರಲಿಲ್ಲ. 1951ರಿಂದ 1961ರವರೆಗಿನ ಹತ್ತು ವರ್ಷಗಳಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. ಅವರಲ್ಲಿ ಬಹುಪಾಲು ಜನ ಹೋದದ್ದು ಯಾವ ದೇಶದಿಂದ ಬಿಡುಗಡೆ ಪಡೆದಿದ್ದರೋ ಅದೇ ಬ್ರಿಟನ್ನಿಗೆ. ಗಂಡಸರು ಕಟ್ಟಡ ಮತ್ತು ರಸ್ತೆ ಕೆಲಸಕ್ಕೆ, ಹೆಂಗಸರು ಆಸ್ಪತ್ರೆ ಮತ್ತು ಮನೆಗೆಲಸಕ್ಕೆ. ಅದೇ ಐರ್ಲೆಂಡ್‌ನಲ್ಲಿ 2022ರ ಗಣತಿ 51 ಲಕ್ಷ ಜನರನ್ನು ಎಣಿಸಿತು. 1851ರ ನಂತರ ಅಲ್ಲಿನ ಜನಸಂಖ್ಯೆ 50 ಲಕ್ಷ ದಾಟಿದ್ದು ಅದೇ ಮೊದಲು. ಈ ತಿರುವಿಗೆ ಕಾರಣ ಕೇಳಿದರೆ ಕಡಿಮೆ ಕಾರ್ಪೊರೇಟ್ ತೆರಿಗೆ ಮತ್ತು ಅಮೆರಿಕದ ಕಂಪನಿಗಳು ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಉತ್ತರ ಸಾಲದು ಎಂಬುದು ನನ್ನ ವಾದ. ಸ್ವತಂತ್ರ ಐರ್ಲೆಂಡ್ ತನ್ನ ಬಡ ಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ತೆರೆಯಲು ನಲವತ್ತೈದು ವರ್ಷ ತೆಗೆದುಕೊಂಡಿತು. ಅದರ ಬಡತನ ಅಷ್ಟು ಕಾಲ ಬಾಳಿದ್ದಕ್ಕೂ, ಮುಂದೆ ಬಂದ ಏಳಿಗೆ ಬೇರೂರಿದ್ದಕ್ಕೂ ಈ ವಿಳಂಬದ ಕಥೆಯಲ್ಲೇ ದೊಡ್ಡ ಕಾರಣವಿದೆ.

ದುಡ್ಡಿರಲಿಲ್ಲ, ಹೊಸ ರಾಷ್ಟ್ರ ಏನು ಮಾಡೀತು ಎಂದು ಮೊದಲ ಆಕ್ಷೇಪ ಏಳುತ್ತದೆ. ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು, ಖಜಾನೆ ಬಡವಾಗಿತ್ತು ಎಂಬುದು ನಿಜ. 1924ರಲ್ಲಿ ಹಣಕಾಸು ಸಚಿವ ಅರ್ನೆಸ್ಟ್ ಬ್ಲೈಥ್ ವೃದ್ಧಾಪ್ಯ ವೇತನದಿಂದ ವಾರಕ್ಕೆ ಒಂದು ಶಿಲ್ಲಿಂಗ್ ಕಡಿತ ಮಾಡಿದ್ದನ್ನು ಐರಿಷ್ ಜನ ಇಂದಿಗೂ ನೆನೆಯುತ್ತಾರೆ. ಆದರೆ ಮರುವರ್ಷವೇ ಅದೇ ಸರ್ಕಾರ ಶಾನನ್ ನದಿಯ ಮೇಲೆ ಜಲವಿದ್ಯುತ್ ಯೋಜನೆಗೆ ಕೈಹಾಕಿತು. ಶಾನನ್ ಬಹುಪಾಲು ಸಮತಟ್ಟಾಗಿ ಹರಿಯುವ ನದಿ. ಲಿಮೆರಿಕ್ ನಗರಕ್ಕಿಂತ ಸ್ವಲ್ಪ ಮೇಲಷ್ಟೇ ಅದು ಇಳಿಯುತ್ತದೆ. ಥಾಮಸ್ ಮೆಕ್‌ಲಾಕ್ಲಿನ್ ಎಂಬ ಯುವ ಎಂಜಿನಿಯರ್ ಆ ಇಳಿಜಾರನ್ನೆಲ್ಲ ಒಂದೆಡೆ ಸೇರಿಸುವ ಯೋಜನೆ ಮುಂದಿಟ್ಟರು. ಜರ್ಮನಿಯ ಸೀಮೆನ್ಸ್ ಕಂಪನಿ ಹನ್ನೆರಡು ಕಿಲೋಮೀಟರಿಗೂ ಉದ್ದದ ಕಾಲುವೆ ತೋಡಿ, ನೀರನ್ನು ಎತ್ತರದಲ್ಲೇ ನಡೆಸಿಕೊಂಡು ಬಂದು, ಆರ್ಡ್‌ನಕ್ರಷಾ ಎಂಬಲ್ಲಿ ಸುಮಾರು 30 ಮೀಟರ್ ಕೆಳಗಿನ ಟರ್ಬೈನುಗಳ ಮೇಲೆ ಬಿಟ್ಟಿತು. ಖರ್ಚು ಐವತ್ತು ಲಕ್ಷ ಪೌಂಡ್ ದಾಟಿತು. ಸರ್ಕಾರದ ಒಂದು ವರ್ಷದ ವರಮಾನದ ಸುಮಾರು ಐದನೇ ಒಂದು ಪಾಲು. ಇದು ಹುಚ್ಚು ಸಾಹಸ ಎಂದವರಿದ್ದರು, ಇಷ್ಟು ವಿದ್ಯುತ್ ಕೊಳ್ಳುವವರು ಯಾರು ಎಂದು ಕೇಳಿದವರಿದ್ದರು. ವಾರಕ್ಕೆ 32 ಶಿಲ್ಲಿಂಗ್ ಕೂಲಿಗೆ ದುಡಿದ ಸಾವಿರಾರು ಕಾರ್ಮಿಕರ ಬವಣೆಯೂ ಆ ಕಾಲುವೆಯಲ್ಲಿದೆ, ಅದನ್ನು ಮರೆಯಬಾರದು. 1929ರಲ್ಲಿ ವಿದ್ಯುತ್ ಹರಿಯಿತು. ಯೋಜನೆಯನ್ನು ನಡೆಸಲು 1927ರಲ್ಲೇ ಸ್ಥಾಪಿಸಿದ್ದ ವಿದ್ಯುತ್ ಮಂಡಳಿ ದೇಶದ ಮೊದಲ ದೊಡ್ಡ ಸರ್ಕಾರಿ ಉದ್ಯಮವಾಯಿತು. ಒಂದು ಕೆಲಸ ಆಗಲೇಬೇಕು ಎಂದು ಆಳುವವರಿಗೆ ಅನ್ನಿಸಿದರೆ ಬಡ ಖಜಾನೆಯೂ ದುಡ್ಡು ಹೊಂದಿಸುತ್ತದೆ ಎಂಬುದಕ್ಕೆ ಶಾನನ್ ಸಾಕ್ಷಿ. ಪ್ರೌಢಶಾಲೆಯ ವಿಷಯದಲ್ಲಿ ಹಾಗೆ ಯಾರಿಗೂ ಅನ್ನಿಸಲಿಲ್ಲ.

ಐರ್ಲೆಂಡ್ ಅನಕ್ಷರಸ್ಥ ದೇಶವಾಗಿರಲಿಲ್ಲ. ಬ್ರಿಟಿಷರ ಕಾಲದಿಂದಲೇ ಊರೂರಿಗೆ ಪ್ರಾಥಮಿಕ ಶಾಲೆಗಳಿದ್ದವು, 1926ರಲ್ಲಿ ಹದಿನಾಲ್ಕು ವರ್ಷದವರೆಗೆ ಶಾಲಾ ಹಾಜರಿ ಕಡ್ಡಾಯವೂ ಆಯಿತು. ಕಂದಕ ಇದ್ದದ್ದು ಅದರಾಚೆ. ಪ್ರೌಢಶಾಲೆಗಳನ್ನು ನಡೆಸುತ್ತಿದ್ದವರು ಹೆಚ್ಚಾಗಿ ಕ್ಯಾಥೋಲಿಕ್ ಧಾರ್ಮಿಕ ಸಂಘಗಳು, ಅಲ್ಲಿ ಶುಲ್ಕ ಕಟ್ಟಬೇಕಿತ್ತು. ಪಾದ್ರಿ ಮತ್ತು ಸನ್ಯಾಸಿನಿಯರಲ್ಲಿ ಹಲವರು ಅಲ್ಪ ಸಂಬಳದಲ್ಲಿ ಜೀವ ತೇಯ್ದು ಪಾಠ ಹೇಳಿದರು. ಬಡ ಮಕ್ಕಳಿಗೆ ಶುಲ್ಕ ಬಿಟ್ಟ ಶಾಲೆಗಳೂ ಇದ್ದವು. ಆದರೆ ಔದಾರ್ಯದ ಮೇಲೆ ನಿಂತ ವ್ಯವಸ್ಥೆಯಲ್ಲಿ ಓದು ಹಕ್ಕಾಗುವುದಿಲ್ಲ. ಚರ್ಚಿನ ಅಧಿಕಾರವನ್ನು ಮುಟ್ಟಲು ಸರ್ಕಾರಕ್ಕೆ ಧೈರ್ಯವಿರಲಿಲ್ಲ. ಹೊಸ ರಾಷ್ಟ್ರ ಶಾಲೆಗಳಿಗೆ ವಹಿಸಿದ ಮೊದಲ ಕೆಲಸ ಐರಿಷ್ ಭಾಷೆಯ ಪುನರುಜ್ಜೀವನ. ಆ ಹಂಬಲವನ್ನು ನಾನು ಗೌರವಿಸುತ್ತೇನೆ. ಆದರೆ ಮಗು ಎಷ್ಟು ವರ್ಷ ಶಾಲೆಯಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆ ಹಿಂದೆ ಬಿತ್ತು. ಎಲ್ಲಕ್ಕಿಂತ ಕ್ರೂರವಾದ ಕಾರಣ ಆರ್ಥಿಕತೆಯ ಸ್ವರೂಪದಲ್ಲೇ ಇತ್ತು. ದನ ಸಾಕಿ ಬ್ರಿಟನ್ನಿಗೆ ಮಾರುವ ಬೇಸಾಯಕ್ಕೆ ಹೆಚ್ಚು ಕೈಗಳು ಬೇಡ, ಓದಿದ ಕೈಗಳಂತೂ ಬೇಡವೇ ಬೇಡ. ಒಬ್ಬ ಮಗನಿಗೆ ಹೊಲ, ಉಳಿದವರಿಗೆ ಹಡಗು. ಅತೃಪ್ತರೆಲ್ಲ ಹಡಗು ಹತ್ತುತ್ತಿದ್ದುದರಿಂದ ಶಾಲೆ ಕೊಡಿ ಎಂದು ಬೀದಿಗಿಳಿಯುವವರು ಊರಲ್ಲಿ ಉಳಿಯಲಿಲ್ಲ. 1962ರಷ್ಟು ಈಚೆಗೆ ಸರ್ಕಾರದ್ದೇ ಶಿಕ್ಷಣ ಮಂಡಳಿಯ ವರದಿ, ಎಲ್ಲರಿಗೂ ಉಚಿತ ಪ್ರೌಢಶಿಕ್ಷಣ ಎಂಬುದು ಕೈಗೆಟುಕದ ಕನಸು ಎಂದು ತಳ್ಳಿಹಾಕಿತು.

ಆ ಕನಸು ಗಡಿಯ ಆಚೆ, ಅದೇ ದ್ವೀಪದ ಉತ್ತರ ಮೂಲೆಯಲ್ಲಿ ಆಗಲೇ ನನಸಾಗಿತ್ತು ಎಂಬುದನ್ನು ಓದುವಾಗ ಮನಸ್ಸು ಮುದುಡುತ್ತದೆ. ಬ್ರಿಟನ್ನಿನ ಭಾಗವಾಗಿಯೇ ಉಳಿದ ಉತ್ತರ ಐರ್ಲೆಂಡ್‌ನಲ್ಲಿ 1947ರ ಶಿಕ್ಷಣ ಕಾಯ್ದೆ ಪ್ರೌಢಶಿಕ್ಷಣವನ್ನು ಉಚಿತಗೊಳಿಸಿತು. ಡೆರಿ ನಗರದ ಸಾಮಾನ್ಯ ಮನೆಯ ಜಾನ್ ಹ್ಯೂಮ್, ರೈತನ ಮಗ ಶೇಮಸ್ ಹೀನಿ ಇಬ್ಬರೂ ಅದೇ ಊರಿನ ಸೇಂಟ್ ಕೊಲಂಬ್ಸ್ ಕಾಲೇಜಿನಲ್ಲಿ ಓದಿದರು. ಹೀನಿ ಅವರಿಗೆ 1995ರಲ್ಲಿ ಸಾಹಿತ್ಯದ ನೊಬೆಲ್, ಹ್ಯೂಮ್ ಅವರಿಗೆ 1998ರಲ್ಲಿ ಶಾಂತಿಯ ನೊಬೆಲ್ ಬಂತು. ಕ್ಯಾಥೋಲಿಕರನ್ನು ಎರಡನೇ ದರ್ಜೆಯ ನಾಗರಿಕರಂತೆ ಕಂಡ ಆ ಆಡಳಿತದಲ್ಲೂ ಸಿಕ್ಕ ಈ ಬಾಗಿಲು, ಸ್ವಂತ ಧ್ವಜ ಹಾರಿಸುತ್ತಿದ್ದ ದಕ್ಷಿಣದ ಮಕ್ಕಳಿಗೆ ಇನ್ನೂ ಇಪ್ಪತ್ತು ವರ್ಷ ಸಿಗಲಿಲ್ಲ. ಉತ್ತರ ಐರ್ಲೆಂಡ್ ಶ್ರೀಮಂತವಾಗಲಿಲ್ಲವಲ್ಲ ಎಂದು ಕೇಳಬಹುದು. ಹೌದು, ಮೂರು ದಶಕಗಳ ಹಿಂಸೆ ಮತ್ತು ಮುಳುಗುತ್ತಿದ್ದ ಹಡಗು ಕಟ್ಟುವ ಉದ್ಯಮದ ನಡುವೆ ಶಾಲೆಯೊಂದೇ ಅದನ್ನು ಮೇಲೆತ್ತಲು ಆಗುತ್ತಿರಲಿಲ್ಲ. ಶಾಲೆ ಇದ್ದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಬೇರೆ ಯಾವುದೂ ಬಹುಕಾಲ ನಿಲ್ಲುವುದಿಲ್ಲ ಎನ್ನುತ್ತಿದ್ದೇನೆ.

ಈ ವಿಳಂಬದ ಕಥೆ ನಮಗೂ ತಾಗುತ್ತದೆ. 1937ರ ಐರಿಷ್ ಸಂವಿಧಾನದ ನಿರ್ದೇಶಕ ತತ್ವಗಳೇ ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳಿಗೆ ಮಾದರಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಡಬ್ಲಿನ್‌ಗೆ ಹೋಗಿ ಅಂದಿನ ಐರಿಷ್ ಪ್ರಧಾನಿ ಏಮನ್ ಡಿ ವಲೇರಾ ಅವರೊಡನೆ ಚರ್ಚಿಸಿ ಬಂದಿದ್ದರು. ಹತ್ತು ವರ್ಷದೊಳಗೆ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಎಂಬ ಮಾತನ್ನು ನಾವು ಅದೇ ನಿರ್ದೇಶಕ ತತ್ವಗಳ ಅಧ್ಯಾಯದಲ್ಲಿಟ್ಟೆವು. ನ್ಯಾಯಾಲಯದಲ್ಲಿ ಕೇಳುವಂತಿಲ್ಲದ ಆ ಭರವಸೆ ಮೂಲಭೂತ ಹಕ್ಕಾಗಿ ಸಂವಿಧಾನ ಸೇರಿದ್ದು 2002ರ ತಿದ್ದುಪಡಿಯಲ್ಲಿ.

ಐರ್ಲೆಂಡ್‌ನ ಆರ್ಥಿಕ ತಿರುವಿಗೆ ಎಲ್ಲರೂ 1958ನ್ನು ಗುರುತಿಸುತ್ತಾರೆ. ಹಣಕಾಸು ಇಲಾಖೆಯ ಕಾರ್ಯದರ್ಶಿ ಟಿ.ಕೆ. ವಿಟೇಕರ್ ಆ ವರ್ಷ ಸಿದ್ಧಪಡಿಸಿದ ವರದಿ, ಸುಂಕದ ಗೋಡೆಯನ್ನು ಇನ್ನು ನೆಚ್ಚಿ ಕೂರುವಂತಿಲ್ಲ, ರಫ್ತು ಮತ್ತು ವಿದೇಶಿ ಬಂಡವಾಳಕ್ಕೆ ತೆರೆದುಕೊಳ್ಳಬೇಕು ಎಂದು ನೇರವಾಗಿ ಹೇಳಿತು. 1959ರಲ್ಲಿ ಪ್ರಧಾನಿಯಾದ ಶಾನ್ ಲೆಮಾಸ್, 1930ರ ದಶಕದಲ್ಲಿ ತಾವೇ ಕಟ್ಟಿದ್ದ ಆ ಗೋಡೆಯನ್ನು ತಾವೇ ಕೆಡವಲು ಹೊರಟರು. ಅಧಿಕಾರದಲ್ಲಿರುವವರಲ್ಲಿ ಇಂಥ ಪ್ರಾಮಾಣಿಕತೆ ದೊಡ್ಡದು. ಆದರೆ 1958ರ ವರದಿಯ ಕಣ್ಣಲ್ಲಿ ಬಂಡವಾಳ ಎಂದರೆ ಹೊಲ ಮತ್ತು ಕಾರ್ಖಾನೆ. ಸಾಮಾನ್ಯ ಶಾಲೆ ಆ ಲೆಕ್ಕದೊಳಗೆ ಬರಲಿಲ್ಲ. ಶಿಕ್ಷಣವೂ ಹೂಡಿಕೆಯೇ ಎಂಬ ಮಾತು ಅಂಕಿಅಂಶ ಸಮೇತ ಬಂದದ್ದು 1965ರ ಮತ್ತೊಂದು ವರದಿಯಲ್ಲಿ. ಪ್ರಾಥಮಿಕ ಶಾಲೆ ಮುಗಿಸಿ ಎಷ್ಟು ಮಕ್ಕಳು ನಿಂತುಬಿಡುತ್ತಾರೆ, ಓದು ಮುಂದುವರಿಯುವುದು ಹೇಗೆ ಅಪ್ಪನ ವೃತ್ತಿಯನ್ನು ಅವಲಂಬಿಸಿದೆ ಎಂಬುದನ್ನು ಅದು ಕೋಷ್ಟಕಗಳಲ್ಲಿ ಬಿಡಿಸಿಟ್ಟಿತು.

ಮುಂದಿನ ಹೆಜ್ಜೆ ಸಚಿವ ಸಂಪುಟದ ಟಿಪ್ಪಣಿಯಿಂದ ಹುಟ್ಟಲಿಲ್ಲ. 1966ರ ಸೆಪ್ಟೆಂಬರ್ 10, ಶನಿವಾರ. ಡಬ್ಲಿನ್ ಬಳಿಯ ಡನ್ ಲೇರಿಯಲ್ಲಿ ಪತ್ರಕರ್ತರ ಸಂಘದ ಸಮಾರಂಭ. ಶಿಕ್ಷಣ ಸಚಿವರಾಗಿ ಕೇವಲ ಎರಡು ತಿಂಗಳಾಗಿದ್ದ ಡೊನೊ ಒಮ್ಯಾಲಿ ಅಲ್ಲಿ ಎದ್ದು ನಿಂತು, ಪ್ರಾಥಮಿಕ ಶಾಲೆ ಬಿಡುವ ಮೂವರು ಮಕ್ಕಳಲ್ಲಿ ಒಬ್ಬರ ಓದು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ, ಇದು ದೇಶಕ್ಕೆ ಕಳಂಕ ಎಂಬರ್ಥದ ಮಾತಾಡಿ, ಮುಂದಿನ ವರ್ಷದಿಂದ ಪ್ರೌಢಶಿಕ್ಷಣ ಉಚಿತ ಎಂದು ಘೋಷಿಸಿಬಿಟ್ಟರು. ಹಣಕಾಸು ಇಲಾಖೆಗೆ ಸುಳಿವೇ ಇರಲಿಲ್ಲ. ಲೆಕ್ಕವಿಲ್ಲದೆ ಮಾತು ಕೊಟ್ಟರೆಂದು ಪ್ರಧಾನಿಗೆ ದೂರಿನ ಪತ್ರ ಬರೆದವರು ಬೇರೆ ಯಾರೂ ಅಲ್ಲ, ವಿಟೇಕರ್. ದೇಶವನ್ನು ಜಗತ್ತಿಗೆ ತೆರೆದ ದೂರದೃಷ್ಟಿಯ ಅಧಿಕಾರಿಗೂ ಆ ಕ್ಷಣದಲ್ಲಿ ಶಾಲೆ ಖರ್ಚಾಗಿಯೇ ಕಂಡಿತು. ವಿಟೇಕರ್ ಹೇಳಿದ ಕಾರ್ಯವಿಧಾನದ ತಪ್ಪು ನಿಜವಾದ ತಪ್ಪೇ; ಸಂಪುಟದ ಒಪ್ಪಿಗೆಯಿಲ್ಲದೆ ಸಚಿವರು ಖಜಾನೆಯನ್ನು ಕಟ್ಟಿಹಾಕಬಾರದು. ಆದರೆ ವಿಧಿವತ್ತಾಗಿ ನಡೆದ ಹಿಂದಿನ ನಲವತ್ನಾಲ್ಕು ವರ್ಷಗಳು ಆ ಮಕ್ಕಳಿಗೆ ಏನು ಕೊಟ್ಟಿದ್ದವು? ಲೆಮಾಸ್ ಯೋಜನೆಯನ್ನು ಹಿಂದಕ್ಕೆ ಪಡೆಯಲಿಲ್ಲ. 1967ರಲ್ಲಿ ಅದು ಜಾರಿಯಾಯಿತು. ಶುಲ್ಕ ಕೈಬಿಟ್ಟ ಶಾಲೆಗೆ ವಿದ್ಯಾರ್ಥಿಯ ಲೆಕ್ಕದಲ್ಲಿ ಅನುದಾನ. ಶಾಲೆಯಿಂದ ಮೂರು ಮೈಲಿಗಿಂತ ದೂರವಿರುವ ಮಕ್ಕಳಿಗೆ ಉಚಿತ ಬಸ್. ಚದುರಿದ ಒಂಟಿ ಮನೆಗಳ ಪಶ್ಚಿಮ ತೀರದಲ್ಲಿ ಶುಲ್ಕ ರದ್ದಾದಷ್ಟೇ ಮಹತ್ವ ಆ ಬಸ್ಸಿಗಿತ್ತು. ಒಮ್ಯಾಲಿ 1968ರ ಮಾರ್ಚ್‌ನಲ್ಲೇ ತೀರಿಕೊಂಡರು. ತಾವು ನೆಟ್ಟ ಗಿಡದ ಮೊದಲ ಚಿಗುರನ್ನಷ್ಟೇ ಅವರು ಕಂಡರು.

ಈಗ ತೆರಿಗೆಯ ಮಾತು. ಕಂಪನಿಗಳನ್ನು ಸೆಳೆದದ್ದು ತೆರಿಗೆಯೇ ಎನ್ನುವವರು ದಿನಾಂಕಗಳನ್ನು ನೋಡಬೇಕು. ರಫ್ತಿನ ಲಾಭಕ್ಕೆ ತೆರಿಗೆ ರಿಯಾಯಿತಿ ಶುರುವಾದದ್ದು 1956ರಲ್ಲಿ, ಎರಡೇ ವರ್ಷದಲ್ಲಿ ಅದು ಪೂರ್ಣ ವಿನಾಯಿತಿಯಾಯಿತು. ಅರವತ್ತರ ದಶಕದಲ್ಲಿ ಕಾರ್ಖಾನೆಗಳು ಬಂದವು, ಜನಸಂಖ್ಯೆ ಏರತೊಡಗಿತು. ಆ ಶ್ರೇಯ ತೆರಿಗೆ ನೀತಿಗೂ ಸಲ್ಲಬೇಕು. ಆದರೆ ಬಂದದ್ದರಲ್ಲಿ ಬಹುಪಾಲು ಬಿಡಿಭಾಗ ಜೋಡಿಸುವ ಕೆಲಸ. ಇಂಥ ಕಾರ್ಖಾನೆಗಳಿಗೆ ತೆರಿಗೆ ತೀರಾ ಕಡಿಮೆಯಿದ್ದೂ ಮೂರು ದಶಕ ದೇಶ ಯುರೋಪಿನ ಬಡವರ ಸಾಲಿನಲ್ಲೇ ಉಳಿಯಿತು. ಅಮೆರಿಕದ ಇಂಟೆಲ್ ಕಂಪನಿ 1989ರಲ್ಲಿ ತನ್ನ ಕಾರ್ಖಾನೆಗೆ ಡಬ್ಲಿನ್ ಬಳಿಯ ಲೀಕ್ಸ್‌ಲಿಪ್ ಆಯ್ದುಕೊಂಡಾಗ, ಪ್ರಾದೇಶಿಕ ತಾಂತ್ರಿಕ ಕಾಲೇಜುಗಳಿಂದ ಎರಡು ದಶಕಗಳ ತಂತ್ರಜ್ಞರು ಹೊರಬಂದಿದ್ದರು. ಯುರೋಪ್ ಒಕ್ಕೂಟದ ಹಣವೇ ಕಾರಣ ಎನ್ನುವ ವಾದಕ್ಕೂ ಇಲ್ಲೇ ಉತ್ತರವಿದೆ. ಗ್ರೀಸ್, ಪೋರ್ಚುಗಲ್‌ಗಳಿಗೂ ಆ ಹಣ ಬಂತು. ಐರ್ಲೆಂಡ್ ಅದರಲ್ಲೊಂದು ಪಾಲನ್ನು ಇದೇ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳ ಮೇಲೆ ಹಾಕಿತು. ಇಂಗ್ಲಿಷ್ ಭಾಷೆಯೇ ಕಾರಣ ಎನ್ನೋಣವೆಂದರೆ, ಅದು 1950ರಲ್ಲೂ ಐರಿಷರ ಬಾಯಲ್ಲಿತ್ತು.

ಗಟ್ಟಿಯಾದ ಆಕ್ಷೇಪ 1980ರ ದಶಕದ್ದು. ಉಚಿತವಾಗಿ ಓದಿದ ಪೀಳಿಗೆ ಕೆಲಸಕ್ಕೆ ಬಂದಾಗ ನಿರುದ್ಯೋಗ ಶೇ 17ರ ಆಸುಪಾಸಿನಲ್ಲಿತ್ತು, ಸರ್ಕಾರ ಸಾಲದಲ್ಲಿ ಮುಳುಗಿತ್ತು. ಮತ್ತೆ ಹಡಗು, ಮತ್ತೆ ವಿಮಾನ. ಹಾಗಾದರೆ ಶಾಲೆಯಿಂದ ಬಂದ ಲಾಭವೇನು? 1987ರಲ್ಲಿ ಸರ್ಕಾರ, ಕಾರ್ಮಿಕ ಸಂಘಗಳು ಮತ್ತು ಮಾಲೀಕರು ಸಂಬಳ, ತೆರಿಗೆಗಳ ಬಗ್ಗೆ ಒಪ್ಪಂದಕ್ಕೆ ಬರುವವರೆಗೂ ಓದಿದವರಿಗೆ ತಕ್ಕ ಕೆಲಸ ಹುಟ್ಟಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ 1950ರ ದಶಕದಲ್ಲಿ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಹೋದವರಿಗೆ ಮರಳುವ ದಾರಿ ಕಿರಿದಾಗಿತ್ತು. ಎಂಬತ್ತರ ದಶಕದಲ್ಲಿ ಪದವಿ ಹಿಡಿದು ಹೋದವರು ತೊಂಬತ್ತರ ದಶಕದಲ್ಲಿ ಅನುಭವ ಹೊತ್ತು ದೊಡ್ಡ ಸಂಖ್ಯೆಯಲ್ಲಿ ತಿರುಗಿ ಬಂದರು. ಜೊತೆಗೆ ಹೆಂಗಸರು ದುಡಿಮೆಗೆ ಬಂದರು. ಮದುವೆಯಾದ ಕೂಡಲೇ ಸರ್ಕಾರಿ ನೌಕರಿ ಬಿಡಬೇಕೆಂಬ ನಿಯಮ ಅಲ್ಲಿ 1973ರವರೆಗೂ ಇತ್ತು. ಅದು ಹೋದದ್ದು, ಹೆಣ್ಣುಮಕ್ಕಳು ಪ್ರೌಢಶಾಲೆ ಮುಗಿಸಿದ್ದು ಎರಡೂ ಸೇರಿ ತೊಂಬತ್ತರ ದಶಕದ ಏಳಿಗೆಗೆ ಬೇಕಾದ ಕೈಗಳನ್ನು ಒದಗಿಸಿದವು.

ಆ ಏಳಿಗೆಯನ್ನು ಹೊಗಳಿ ಮುಗಿಸುವುದು ನ್ಯಾಯವಲ್ಲ. 2008ರಲ್ಲಿ ಬ್ಯಾಂಕುಗಳು ಕುಸಿದು, 2010ರಲ್ಲಿ 85 ಬಿಲಿಯನ್ ಯೂರೋಗಳ ನೆರವು ಯೋಜನೆಗೆ ದೇಶ ಕೈಚಾಚಬೇಕಾಯಿತು. ಕಂಪನಿಗಳು ತಮ್ಮ ಪೇಟೆಂಟ್, ಆಸ್ತಿಗಳನ್ನು ಕಾಗದದ ಮೇಲೆ ಐರ್ಲೆಂಡ್‌ಗೆ ವರ್ಗಾಯಿಸಿದ್ದರಿಂದ 2015ರಲ್ಲಿ ಜಿಡಿಪಿ ಒಂದೇ ವರ್ಷ ಶೇ 26ರಷ್ಟು ಏರಿದಂತೆ ಕಂಡಿತು. ಆ ಅಂಕಿ ನಂಬಲಾಗದೆ ಅಲ್ಲಿನ ಅಂಕಿಅಂಶ ಇಲಾಖೆ ಬೇರೆಯೇ ಅಳತೆಗೋಲು ರೂಪಿಸಬೇಕಾಯಿತು. ಕಾರ್ಪೊರೇಟ್ ತೆರಿಗೆಯ ಅರ್ಧಕ್ಕೂ ಹೆಚ್ಚು ಭಾಗ ಹತ್ತು ಕಂಪನಿಗಳಿಂದ ಬರುತ್ತದೆ. ಅಷ್ಟು ಹಣವಿದ್ದೂ ಡಬ್ಲಿನ್‌ನಲ್ಲಿ ಯುವ ಶಿಕ್ಷಕರಿಗೆ, ನರ್ಸ್‌ಗಳಿಗೆ ಬಾಡಿಗೆ ಮನೆ ಸಿಗುತ್ತಿಲ್ಲ. 2022ರಲ್ಲಿ ಅಲ್ಲಿದ್ದ ಭಾರತೀಯ ಪ್ರಜೆಗಳು 45,000ಕ್ಕೂ ಹೆಚ್ಚು. ಅಲ್ಲಿನ ಆಸ್ಪತ್ರೆ, ಐಟಿ ಕಚೇರಿಗಳು ಅವರ ದುಡಿಮೆಯ ಮೇಲೂ ನಡೆಯುತ್ತಿವೆ. 2025ರ ಬೇಸಿಗೆಯಲ್ಲಿ ಅವರ ಮೇಲೆ ಹಲ್ಲೆಗಳಾಗಿ ಭಾರತೀಯ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆ ಕೊಡಬೇಕಾಯಿತು. ತನ್ನ ಮಕ್ಕಳನ್ನು ಒಂದೂವರೆ ಶತಮಾನ ಪರದೇಶಕ್ಕೆ ಕಳಿಸಿದ ನಾಡಿನಲ್ಲಿ ಇದು ನಡೆದದ್ದು ನೋವಿನ ಸಂಗತಿ.

ಶಾಲೆಯ ಕೆಲಸವೂ 1967ಕ್ಕೇ ಮುಗಿದಿರಲಿಲ್ಲ. ಶುಲ್ಕ ಹೋದರೂ ಪಠ್ಯಪುಸ್ತಕದ ಖರ್ಚು ಮತ್ತು ಶಾಲೆಗಳು ಕೇಳುವ ‘ಸ್ವಇಚ್ಛೆಯ’ ವಂತಿಗೆ ಹೆತ್ತವರ ತಲೆಯ ಮೇಲೇ ಇದ್ದವು. ಪ್ರತಿ ಆಗಸ್ಟ್‌ನಲ್ಲಿ ಬಡ ಮನೆಗಳು ಅದಕ್ಕಾಗಿ ಸಾಲ ಮಾಡುತ್ತಿದ್ದವು. ಪ್ರಾಥಮಿಕ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಬಂದದ್ದು 2023ರಲ್ಲಿ, ಪ್ರೌಢಶಾಲೆಯ ಕೆಳ ತರಗತಿಗಳಿಗೆ 2024ರಲ್ಲಿ, ಮೇಲಿನ ತರಗತಿಗಳಿಗೆ 2025ರಲ್ಲಿ. ವಂತಿಗೆ ಕೇಳುವುದು ಇನ್ನೂ ನಿಂತಿಲ್ಲ.