ನೇತ್ರಾಣಿಗೆ ಇಳಿಯುವವರ ಕೈಗೊಂದು ಕಂಪ್ಯೂಟರ್

ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹೊಲದ ಬಾವಿಗಳಲ್ಲಿ ಈಜು ಕಲಿತವರಿಗೆ ತಳದ ರಾಡಿಯನ್ನು ಮುಷ್ಟಿಯಲ್ಲಿ ತರುವ ಪಂದ್ಯ ಗೊತ್ತಿರುತ್ತದೆ. ಎರಡಾಳು ಆಳ ಮುಟ್ಟುವಷ್ಟರಲ್ಲಿ ಕಿವಿ ಕಟ್ಟಿಕೊಂಡು ನೋಯತೊಡಗುತ್ತದೆ. ಅದು ನೀರಿನ ಒತ್ತಡ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 20 ಮೀಟರ್ ಆಳದಲ್ಲಿ ಅದು ದಂಡೆಯ ಮೇಲಿನದರ ಮೂರು ಪಟ್ಟು. ಬಾವಿಗೆ ಧುಮುಕಿದವನ ಎದೆಯಲ್ಲಿರುವುದು ಒಂದೇ ಉಸಿರು, ಒಂದು ನಿಮಿಷದೊಳಗೆ ಅವನು ಮೇಲೆ ಬಂದಿರುತ್ತಾನೆ. ಬೆನ್ನಿಗೆ ಸಿಲಿಂಡರ್ ಕಟ್ಟಿ ಇಳಿದವನ ಲೆಕ್ಕವೇ ಬೇರೆ. ರೆಗ್ಯುಲೇಟರ್ ಅವನಿಗೆ ಸುತ್ತಲಿನ ಒತ್ತಡಕ್ಕೆ ಸಮನಾಗಿ ಗಾಳಿ ಕೊಡುತ್ತದೆ. 20 ಮೀಟರಿನಲ್ಲಿ ಒಂದೊಂದು ಉಸಿರಿನಲ್ಲೂ ಮೂರು ಉಸಿರಿನಷ್ಟು ಗಾಳಿ ಒಳಗೆ ಹೋಗುತ್ತದೆ. ಮೈ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಸಾರಜನಕಕ್ಕೆ ಮೈಯಲ್ಲಿ ಕೆಲಸವಿಲ್ಲ; ಅದು ರಕ್ತದಲ್ಲಿ ಕರಗಿ ಅಂಗಾಂಗಗಳಲ್ಲಿ ಕೂಡುತ್ತ ಹೋಗುತ್ತದೆ. ಗಡಬಡಿಸಿ ಮೇಲೆ ಬಂದರೆ ಅದೇ ಗುಳ್ಳೆಗಟ್ಟಿ ಕೀಲು ಹಿಡಿಯುತ್ತದೆ, ಕೆಲವೊಮ್ಮೆ ಬೆನ್ನುಹುರಿಗೇ ಪೆಟ್ಟು ಕೊಡುತ್ತದೆ.

ಕನ್ನಡಿಗರಿಗೆ ಸ್ಕೂಬಾ ಎಂದರೆ ಮೊದಲು ನೆನಪಾಗುವುದು ನೇತ್ರಾಣಿ: ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ದೂರದ ಬಂಡೆಗಲ್ಲಿನ ದ್ವೀಪ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಳಿದದ್ದು ಇದೇ ನೀರಿಗೆ. ಅಲ್ಲಿಗೆ ಹೋಗುವ ಬಹುಪಾಲು ಜನ ಮೊದಲ ಸಲದವರು. ಇನ್‌ಸ್ಟ್ರಕ್ಟರ್ ಅವರನ್ನು ಹಿಡಿದುಕೊಂಡೇ ಇಳಿಸುತ್ತಾರೆ, ಅದೂ 12 ಮೀಟರ್ ಮೀರದಂತೆ. ಈ ಒಂದು ದಿನದ ಮಜಾಕ್ಕೆ ಡೈವ್ ಕಂಪ್ಯೂಟರ್ ಕೊಳ್ಳುವುದು ಶುದ್ಧ ದಂಡ. ಇನ್‌ಸ್ಟ್ರಕ್ಟರ್ ಕೈಯಲ್ಲಿರುವುದೇ ಸಾಕು. ಓಪನ್ ವಾಟರ್ ಕೋರ್ಸ್ ಮುಗಿಸಿ 18 ಮೀಟರ್‌ವರೆಗೆ ಜೊತೆಗಾರನೊಡನೆ ಸ್ವಂತ ಹೊಣೆಯಲ್ಲಿ ಇಳಿಯುವವರಿಗೆ, ಮುಂದಿನ ಕೋರ್ಸ್ ಮಾಡಿ 30 ಮೀಟರ್ ಮುಟ್ಟುವವರಿಗೆ ಈ ಅಧ್ಯಾಯ.

ಡೈವ್ ಕಂಪ್ಯೂಟರಿಗೆ ನಿಜವಾಗಿ ಗೊತ್ತಿರುವುದು ಎರಡೇ ಸಂಗತಿ: ಒತ್ತಡ ಎಷ್ಟು, ಹೊತ್ತು ಎಷ್ಟಾಯಿತು. ನಿಮ್ಮ ರಕ್ತದಲ್ಲಿ ಏನಿದೆ, ರಾತ್ರಿ ನಿದ್ದೆಯಾಗಿದೆಯೇ, ನೀರು ಕುಡಿದಿದ್ದೀರೇ ಎಂಬುದು ಅದಕ್ಕೆ ಕಾಣದು. ಆ ಎರಡು ಅಂಕಿಗಳಿಂದ ಅದು ಒಂದು ಕಲ್ಪಿತ ಮೈಯನ್ನು ಕಟ್ಟಿ, ಅದರಲ್ಲಿ ಸಾರಜನಕ ಎಷ್ಟು ತುಂಬಿತು, ಎಷ್ಟು ಇಳಿಯಿತು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಮಸಾರಿ ಹೊಲ ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ಡೋಣಿ ಸಾಲಿನ ಎರೆ ಹೊಲ ನಿಧಾನ ಕುಡಿದು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮೈಯಲ್ಲೂ ಹಾಗೆಯೇ. ರಕ್ತ, ಮಿದುಳು ಮಸಾರಿ. ಕೊಬ್ಬು, ಕೀಲು ಎರೆ.

ಈ ಲೆಕ್ಕದ ಮೂಲಪುರುಷ ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು, ಹೊರಗೆ ಬಂದ ಮೇಲೆ ಯಾವುದು ಮುಂಗಾಲು ಎತ್ತಿ ಕುಂಟುತ್ತದೆಂದು ನೋಡಿ, 1908ರಲ್ಲಿ ಐದು ಬಗೆಯ ಅಂಗಾಂಶಗಳ ಕೋಷ್ಟಕ ಕೊಟ್ಟರು. ಜ್ಯೂರಿಕ್‌ನ ಆಲ್ಬರ್ಟ್ ಬ್ಯೂಲ್‌ಮನ್ ಅದನ್ನು ಹದಿನಾರಕ್ಕೆ ಬೆಳೆಸಿದರು. ಇಂದಿನ ಬಹಳಷ್ಟು ಕಂಪ್ಯೂಟರುಗಳೊಳಗೆ ಕೂತಿರುವುದು ಅವರದೇ ಸೂತ್ರ. ಅದರಲ್ಲಿ ಅತಿ ನಿಧಾನದ ಅಂಗಾಂಶ ಅರ್ಧ ತುಂಬಲು ಇಲ್ಲವೇ ಅರ್ಧ ಖಾಲಿಯಾಗಲು 635 ನಿಮಿಷ ಬೇಕು, ಅಂದರೆ ಹತ್ತೂವರೆ ತಾಸು. ಈ ಅಂಕಿ ನೆನಪಿರಲಿ, ಊರಿಗೆ ಮರಳುವಾಗ ಬೇಕಾಗುತ್ತದೆ.

ಅಚ್ಚಾದ ಕೋಷ್ಟಕವೇ ಸಾಲದೇ ಎನ್ನುವವರಿದ್ದಾರೆ. ಸಾಲುತ್ತದೆ, ಆದರೆ ಅದು ಜಿಪುಣ. ಡೈವಿಂಗ್ ಕೋರ್ಸ್ ನಡೆಸುವ ಪಾಡಿ ಸಂಸ್ಥೆಯ ಕೋಷ್ಟಕ 20 ಮೀಟರಿಗೆ 45 ನಿಮಿಷ, 30 ಮೀಟರಿಗೆ 20 ನಿಮಿಷ ಕೊಡುತ್ತದೆ. ನೇತ್ರಾಣಿಯಲ್ಲಿ ನೀವು ಐದು ನಿಮಿಷ ಮಾತ್ರ 20 ಮೀಟರಿನಲ್ಲಿದ್ದು, ಆಮೇಲೆ ಬಂಡೆಯ ಮಗ್ಗುಲಲ್ಲಿ ಮೀನು ನೋಡುತ್ತ 8 ಮೀಟರಿಗೆ ಏರಿದರೂ ಕೋಷ್ಟಕ ಪೂರ್ತಿ ಡೈವನ್ನು 20 ಮೀಟರ್ ಎಂದೇ ಬರೆದುಕೊಳ್ಳುತ್ತದೆ. ಕಂಪ್ಯೂಟರ್ ಎಲ್ಲಿ ಎಷ್ಟು ಹೊತ್ತು ಇದ್ದಿರೋ ಅಷ್ಟನ್ನೇ ಎಣಿಸುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೊದಲು ನೋಡಬೇಕಾದದ್ದು ಪರದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಮಸುಕು ನೀರಿನಲ್ಲಿ, ಅಲೆಗೆ ತೂಗಾಡುತ್ತ, ಮಾಸ್ಕಿನ ಗಾಜಿನ ಹಿಂದಿನಿಂದ ಒಂದೇ ನೋಟಕ್ಕೆ ಮೂರು ಅಂಕಿ ಸಿಗಬೇಕು: ಆಳ 17.4, ಇಳಿದು 21 ನಿಮಿಷ, ಉಳಿದದ್ದು ಇಷ್ಟು. ಮೂರನೆಯದೇ ಮುಖ್ಯ. ತಡೆಯದೆ ಮೇಲೆ ಬರಲು ಎಷ್ಟು ನಿಮಿಷ ಬಾಕಿ ಇದೆ ಎಂದು ಅದು ಹೇಳುತ್ತದೆ. ಚಾಳೀಸು ಬಂದವರು ಇದರಲ್ಲಿ ಉಳಿತಾಯ ಮಾಡಲೇಬಾರದು, ಮಾಸ್ಕಿನೊಳಗೆ ಕನ್ನಡಕ ಹಾಕಿಕೊಳ್ಳಲಾಗದು. ಏರುವ ವೇಗ ಹೆಚ್ಚಾದರೆ ಕೂಗಿ ಎಚ್ಚರಿಸುವುದು, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿಸಿ ಎಣಿಸುವುದು ಅಗ್ಗದ ಮಾದರಿಯಲ್ಲೂ ಇರುತ್ತದೆ.

ಕ್ರೆಸ್ಸಿ ಲಿಯೊನಾರ್ಡೊದಂಥವು ಒಂದೇ ಗುಂಡಿಯವು, ಸರಳ. ಆದರೆ ಒಂದು ಹೆಜ್ಜೆ ತಪ್ಪಿದರೆ ಇಡೀ ಪಟ್ಟಿಯನ್ನು ಮತ್ತೆ ಸುತ್ತಬೇಕು. ನಾಣ್ಯದಂಥ ಸೆಲ್ ಹಾಕುವ ಮಾದರಿಯನ್ನೇ ನಾನು ಮೆಚ್ಚುತ್ತೇನೆ. ವರ್ಷಕ್ಕೆ ಒಂದೆರಡು ಸಲ ಕಡಲಿಗೆ ಹೋಗುವವರ ಚಾರ್ಜಿಂಗ್ ಬ್ಯಾಟರಿ ಕಪಾಟಿನಲ್ಲೇ ಸೊರಗುತ್ತದೆ. ಸಿಲಿಂಡರಿನ ಗಾಳಿಯನ್ನು ಮಣಿಕಟ್ಟಿಗೇ ತೋರಿಸುವ ವೈರ್‌ಲೆಸ್ ಸೌಲಭ್ಯ ಒಳ್ಳೆಯದೇ, ಆದರೆ ಇದ್ದೇ ತೀರಬೇಕೆಂದಿಲ್ಲ. ಕೆಳಮಟ್ಟದ ಮಾದರಿಗೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು, ಮೇಲ್ಮಟ್ಟದ್ದಕ್ಕೆ ಲಕ್ಷ ದಾಟುತ್ತದೆ.

50 ಮೀಟರ್ ಎಂದು ಬರೆದ ಸ್ಮಾರ್ಟ್‌ವಾಚ್ ಇದೆಯಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ 50 ಎಂಬುದು ಪ್ರಯೋಗಾಲಯದಲ್ಲಿ ಅಲುಗಾಡದೆ ತಾಳಿದ ಒತ್ತಡ. ಈಜಿಗೆ ಸರಿ, ಸ್ಕೂಬಾಕ್ಕಲ್ಲ. ಆಪಲ್ ವಾಚ್ ಅಲ್ಟ್ರಾದಂಥ, ಇದಕ್ಕೆಂದೇ ಮಾಡಿದ ಕೆಲವು ಮಾತ್ರ ಸರಿಯಾದ ಆ್ಯಪ್ ಜೊತೆ 40 ಮೀಟರ್‌ವರೆಗೆ ಡೈವ್ ಕಂಪ್ಯೂಟರಿನ ಕೆಲಸ ಮಾಡುತ್ತವೆ.

ಒಂದೇ ಡೈವಿಗೆ ಎರಡು ಕಂಪನಿಯವು ಬೇರೆ ಬೇರೆ ನಿಮಿಷ ತೋರಿಸುವುದೂ ಉಂಟು. ಸೂತ್ರ, ಎಚ್ಚರಿಕೆಯ ಮಟ್ಟ ಎರಡೂ ಕಂಪನಿಗೊಂದು ಥರ. ಜೊತೆಗಾರರಿಬ್ಬರಲ್ಲಿ ಯಾರದು ಕಡಿಮೆ ನಿಮಿಷ ತೋರಿಸುತ್ತದೋ ಅದರ ಮಾತೇ ನಡೆಯಬೇಕು. ಬಾಡಿಗೆಗೆ ಪಡೆದರೆ ಎರಡನೇ ಡೈವಿಗೂ ಅದನ್ನೇ ಕಟ್ಟಿಕೊಳ್ಳಿ. ಬೋಟಿನಲ್ಲಿ ಅದಲುಬದಲಾಗಿ ಆ ದಿನ ಇಳಿಯದೇ ಇದ್ದ ಇನ್ನೊಂದು ಬಂದರೆ, ನೀವು ಬೆಳಿಗ್ಗೆಯಿಂದ ನೀರನ್ನೇ ಮುಟ್ಟಿಲ್ಲವೆಂದು ಅದು ನಂಬಿ ನಿಮಿಷಗಳನ್ನು ಧಾರಾಳವಾಗಿ ಕೊಡುತ್ತದೆ.

ಇನ್ನು ನಮ್ಮ ಭಾಗದವರಿಗಷ್ಟೇ ಬೇಕಾದ ಮಾತು: ಎತ್ತರ. ಸೂತ್ರಗಳ ಮೂಲ ಲೆಕ್ಕ ಸಮುದ್ರಮಟ್ಟದ್ದು. ಸೂಂಟೊ ಕಂಪನಿಯ ಕೆಲವು ಮಾದರಿಗಳಲ್ಲಿ 300 ಮೀಟರ್ ದಾಟಿದರೆ ಎತ್ತರದ ಸೆಟ್ಟಿಂಗನ್ನು ಕೈಯಿಂದ ಬದಲಿಸಬೇಕು. ಬೇರೆ ಹಲವು ತಾವೇ ಗಾಳಿಯ ಒತ್ತಡ ಅಳೆದುಕೊಳ್ಳುತ್ತವೆ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟವೇ 519.60 ಮೀಟರ್. ಮೊಸಳೆ ಇರುವ, ಕೈ ಚಾಚಿದರೆ ಬೆರಳು ಕಾಣದ ಆ ಕೆನ್ನೀರಿಗೆ ಮಜಾಕ್ಕೆಂದು ಇಳಿಯುವವರಿಲ್ಲ, ಇಳಿಯಲೂಬಾರದು. ಆದರೆ ಅಲ್ಲಿ ಶೋಧಕ್ಕೆ ಇಳಿಯುವ ಮುಳುಗುಗಾರರ ಲೆಕ್ಕ ನೇತ್ರಾಣಿಯದಲ್ಲ. ಗಾಳಿಯ ಒತ್ತಡ ಅಲ್ಲಿ ಶೇ 6ರಷ್ಟು ಕಡಿಮೆ.

ಮಜಾಕ್ಕೆ ಇಳಿಯುವವರಿಗೆ ಎತ್ತರ ಎದುರಾಗುವುದು ಮರಳುವ ದಾರಿಯಲ್ಲಿ. ಮಧ್ಯಾಹ್ನ ಡೈವ್ ಮುಗಿಸಿ ಸಂಜೆ ಹೊರಟರೆ ಅಂಕೋಲಾ ದಾಟಿ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿ, ಅಲ್ಲಿಂದ ಕೊಲ್ಹಾರ ಸೇತುವೆ ದಾಟಿ ವಿಜಯಪುರ. ಡೈವಿನ ನಂತರ ವಿಮಾನ ಏರಲು ಡೈವರ್‌ಗಳ ಸುರಕ್ಷತೆಯ ಡ್ಯಾನ್ ಸಂಸ್ಥೆ ಹೇಳುವುದು ಒಂದೇ ಡೈವಾದರೆ 12 ತಾಸು, ಒಂದಕ್ಕಿಂತ ಹೆಚ್ಚಾದರೆ 18 ತಾಸು ಬಿಡುವು. ಆ ಸಲಹೆ ಅನ್ವಯಿಸುವುದು ಸುಮಾರು 600 ಮೀಟರಿಗಿಂತ ಮೇಲಿನ ಗಾಳಿಯ ಒತ್ತಡಕ್ಕೆ. ಹುಬ್ಬಳ್ಳಿ ಆ ಗೆರೆಯನ್ನು ದಾಟಿಯೇ ಕೂತಿದೆ. ಎರೆಯಂಥ ಅಂಗಾಂಶಗಳು ಆ ಹೊತ್ತಿಗೆ ಅರ್ಧವೂ ಖಾಲಿಯಾಗಿರುವುದಿಲ್ಲ. ಆದ್ದರಿಂದ ಈ ಬಿಡುವನ್ನು, ಅಂದರೆ ನೋ-ಫ್ಲೈ ಸಮಯವನ್ನು, ಬರೀ ವಿಮಾನದ ಚಿತ್ರದಿಂದಲ್ಲ, ತಾಸು-ನಿಮಿಷದಲ್ಲಿ ತೋರಿಸುವ ಕಂಪ್ಯೂಟರನ್ನು ಆರಿಸಿಕೊಳ್ಳಿ. ಎರಡು ಡೈವ್ ಮಾಡಿದ ದಿನ ರಾತ್ರಿ ಬಸ್ಸಿನ ಟಿಕೆಟ್ ತೆಗೆಸಬೇಡಿ. ಮುರ್ಡೇಶ್ವರದಲ್ಲೇ ಮಲಗಿ, ಮರುದಿನ ಆ ಅಂಕಿ ಸೊನ್ನೆಗೆ ಬಂದ ಮೇಲೆ ಘಟ್ಟ ಹತ್ತಿ.