ಧಗೆಯ ಸೀಮೆಗೆ ಸದ್ದಿಲ್ಲದ ಕ್ಯಾಬಿನೆಟ್

ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ನಾರಾಯಣಪೇಟೆ, ಮಖ್ತಲ್, ಗದ್ವಾಲ್ ಸೀಮೆಯಲ್ಲಿ ಕಂಪ್ಯೂಟರು ಗೊರಗುಟ್ಟಿದರೆ ಯಾರೂ ಅದನ್ನು ದೋಷವೆಂದು ಎಣಿಸುವುದಿಲ್ಲ. ಬಿಸಿಲು ಇಷ್ಟಿರುವಾಗ ಫ್ಯಾನು ಜೋರಾಗಿ ತಿರುಗದೆ ಇನ್ನೇನು ಮಾಡೀತು ಎಂದು ಸುಮ್ಮನಾಗುತ್ತಾರೆ. ಮದುವೆ ವಿಡಿಯೊ ಎಡಿಟ್ ಮಾಡುವವರಿಂದ ಹಿಡಿದು ಹಾಡು ರೆಕಾರ್ಡ್ ಮಾಡುವವರವರೆಗೆ, ಶಕ್ತಿಶಾಲಿ ಯಂತ್ರ ಬೇಕಾದವರೆಲ್ಲ ಸದ್ದನ್ನೂ ಜೊತೆಗೇ ಒಪ್ಪಿಕೊಳ್ಳುತ್ತಾರೆ. ಆದರೆ ಸದ್ದಿಗೆ ಬಿಸಿಲಷ್ಟೇ ಕಾರಣವಲ್ಲ. ಗಾಳಿಗೆ ದಾರಿ ಬಿಡದ ಕ್ಯಾಬಿನೆಟ್ಟಿನ ಪಾಲು ಅದರಲ್ಲಿ ದೊಡ್ಡದು. ತಂಪು ಬೇಕಾದರೆ ಸದ್ದು ಸಹಿಸಬೇಕು, ಮೌನ ಬೇಕಾದರೆ ಬಿಸಿ ಸಹಿಸಬೇಕು ಎಂಬ ನಂಬಿಕೆಯನ್ನು ಕ್ಯಾಬಿನೆಟ್ ವಿನ್ಯಾಸದ ಕಸುಬು ಬಹಳ ಹಿಂದೆಯೇ ಬಿಟ್ಟಿದೆ.

ಲೆಕ್ಕ ಸರಳ. ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಕೋಣೆಯ ಗಾಳಿಯನ್ನು ಬಿಸಿ ಲೋಹದ ಮೇಲೆ ಹಾಯಿಸಿ ಆಚೆ ಕಳಿಸುತ್ತದೆ. ಹಾಗಾಗಿ ಪ್ರೊಸೆಸರಿಗೂ ಕೋಣೆಗೂ ನಡುವಿನ ತಾಪದ ಅಂತರವೇ ವಿನ್ಯಾಸಕಾರನ ಬಂಡವಾಳ. ಎಎಂಡಿಯ ರೈಜನ್ 9 7950ಎಕ್ಸ್ ಪ್ರೊಸೆಸರಿನ ಮಿತಿ 95 ಡಿಗ್ರಿ. ಕೋಣೆ 21 ಡಿಗ್ರಿ ಇದ್ದರೆ 74 ಡಿಗ್ರಿಯ ಅಂತರ ಸಿಗುತ್ತದೆ. 42 ಇದ್ದರೆ 53 ಮಾತ್ರ. ತಂಪು ದೇಶದ ಕೋಣೆಯನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ, ಮುಂಬದಿಗೆ ಗಾಜು ಜಡಿದ ಕ್ಯಾಬಿನೆಟ್ ಇಲ್ಲಿ ಸೋಲುವುದು ಇದೇ ಕಾರಣಕ್ಕೆ. 500 ವ್ಯಾಟ್ ಉಷ್ಣ ಉಗುಳುವ ಯಂತ್ರದೊಳಗೆ ಗಾಳಿಯ ತಾಪ 10 ಡಿಗ್ರಿಗಿಂತ ಹೆಚ್ಚು ಏರಬಾರದು ಎಂದರೆ, ಸೆಕೆಂಡಿಗೆ ಸುಮಾರು 45 ಲೀಟರ್ ಗಾಳಿ ಅದರ ಮೂಲಕ ಹಾಯಬೇಕು. ಪ್ರಶ್ನೆ ಇರುವುದು ಅಷ್ಟು ಗಾಳಿಯನ್ನು ಸದ್ದಿಲ್ಲದೆ ಹಾಯಿಸುವುದು ಹೇಗೆ ಎಂಬುದರಲ್ಲಿ.

ಉತ್ತರ ಫ್ಯಾನಿನ ನಿಯಮಗಳಲ್ಲೇ ಇದೆ. ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ; ಆದರೆ ಫ್ಯಾನು ತಿನ್ನುವ ವಿದ್ಯುತ್ತು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಒಂದೇ ಸದ್ದಿನ ಎರಡು ಫ್ಯಾನು ಸೇರಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಅಂದರೆ ಒಂದು ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ತಿರುಗಿಸಿದರೆ, ದಾರಿ ಸಲೀಸಾಗಿದ್ದಾಗ, ಅಷ್ಟೇ ಗಾಳಿ ಸುಮಾರು 12 ಡೆಸಿಬೆಲ್ ಕಡಿಮೆ ಸದ್ದಿನಲ್ಲಿ ಬರುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಅಳತೆಯಲ್ಲೂ ಲಾಭವಿದೆ: 120 ಮಿಲಿಮೀಟರಿನ ಫ್ಯಾನು ಕೊಡುವಷ್ಟು ಗಾಳಿಯನ್ನು ಅದೇ ವಿನ್ಯಾಸದ 140 ಮಿಲಿಮೀಟರಿನದು ಮೂರನೇ ಎರಡು ಪಾಲಿಗಿಂತ ಕಡಿಮೆ ವೇಗದಲ್ಲೇ ಕೊಡಬಲ್ಲದು. ದೊಡ್ಡವು, ಹೆಚ್ಚು ಸಂಖ್ಯೆಯಲ್ಲಿ, ನಿಧಾನವಾಗಿ: ಈ ಕಸುಬಿನ ಮೊದಲ ಸೂತ್ರ ಇದು.

ಎರಡನೆಯ ಸೂತ್ರ ದಾರಿಗೆ ಸಂಬಂಧಿಸಿದ್ದು. 2003ರಲ್ಲಿ ಬಂದ ಆ್ಯಪಲ್‌ನ ಪವರ್ ಮ್ಯಾಕ್ ಜಿ5 ತನ್ನ ಒಡಲನ್ನು ನಾಲ್ಕು ಉಷ್ಣ ವಲಯಗಳಾಗಿ ಒಡೆದು, ಒಂಬತ್ತು ಫ್ಯಾನುಗಳನ್ನು ಬೇರೆಬೇರೆಯಾಗಿ ನಿಯಂತ್ರಿಸಿತು. ಮೌನ ಯಂತ್ರಗಳ ವಿಮರ್ಶಕ ಮೈಕ್ ಚಿನ್ ಜೊತೆ ಸೇರಿ ಆಂಟೆಕ್ ಕಂಪನಿ 2005ರಲ್ಲಿ ತಂದ ಪಿ180 ಕ್ಯಾಬಿನೆಟ್, ವಿದ್ಯುತ್ತು ಪೂರೈಸುವ ಎಸ್‌ಎಂಪಿಎಸ್ಸನ್ನು ಕೆಳಗಿನ ಪ್ರತ್ಯೇಕ ಗೂಡಿಗೆ ಇಳಿಸಿತು. ಗದ್ವಾಲ್ ಸೀರೆಯ ನೇಕಾರರಿಗೆ ಈ ತರ್ಕ ಹೊಸದೆನಿಸದು. ಒಡಲಿಗೆ ಹತ್ತಿ, ಅಂಚು ಸೆರಗಿಗೆ ರೇಷ್ಮೆ. ಒಂದೊಂದಕ್ಕೆ ಒಪ್ಪುವ ನೂಲು ಕೊಟ್ಟು ಮಗ್ಗದ ಮೇಲೆಯೇ ಬೆಸೆಯುವುದು ಅವರ ಜಾಣ್ಮೆ. ಕ್ಯಾಬಿನೆಟ್ಟಿನಲ್ಲೂ ಹಾಗೆಯೇ ಗ್ರಾಫಿಕ್ಸ್ ಕಾರ್ಡಿಗೆ, ಪ್ರೊಸೆಸರಿಗೆ, ಎಸ್‌ಎಂಪಿಎಸ್ಸಿಗೆ ಅದರದರ ಗಾಳಿ ಸಿಗಬೇಕು. ಒಂದು ಉಗುಳಿದ ಬಿಸಿಯನ್ನು ಇನ್ನೊಂದು ಉಸಿರಾಡುವಂತಾದರೆ ಎಷ್ಟು ಫ್ಯಾನು ಹಾಕಿದರೂ ಕೆಲಸವಿಲ್ಲ.

ಈ ಸೀಮೆಗೆ ಮೂರನೆಯ ಸೂತ್ರವೊಂದು ಬೇಕು: ದೂಳು. ಗದ್ವಾಲ್ ಸುತ್ತ ಹತ್ತಿಬೀಜದ ಬೆಳೆ ದೊಡ್ಡದು. ಮಗ್ಗದ ಮನೆಗಳಲ್ಲಿ ನೂಲಿನ ಎಳೆಗಳು ಗಾಳಿಯಲ್ಲೇ ಇರುತ್ತವೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಅವು ಹೆಪ್ಪುಗಟ್ಟಿದರೆ ಫ್ಯಾನು ತಾನಾಗಿಯೇ ವೇಗ ಏರಿಸುತ್ತದೆ, ಹೊಸತರಲ್ಲಿ ಮೌನವಾಗಿದ್ದ ಯಂತ್ರ ಕೂಗತೊಡಗುತ್ತದೆ. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿರಬೇಕು. ಆಗ ಸಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ, ದೂಳು ಒಳನುಗ್ಗುವುದಿಲ್ಲ. ಜಾಲರಿ ಇಡೀ ಮುಂಬದಿಯಷ್ಟು ಅಗಲವಿರಲಿ, ಎಳೆದು ತೆಗೆದು ತೊಳೆಯುವಂತಿರಲಿ. ಅಗಲ ಹೆಚ್ಚಿದಷ್ಟೂ ಅದರ ಮೂಲಕ ಗಾಳಿ ಮೆಲ್ಲಗೆ ಹಾಯುತ್ತದೆ, ತಡೆಯೂ ಕಡಿಮೆ.

ಸದ್ದು ತಗ್ಗಿಸಲು ಒಳಗೆ ಫೋಮ್ ಅಂಟಿಸುವ ರೂಢಿಯೊಂದಿದೆ. ತೆಳು ಫೋಮ್ ಕೀರಲು ಸದ್ದನ್ನು ಹೀರಬಹುದು. ಫ್ಯಾನಿನ ಗುಂಯ್‌ಗುಡುವಿಕೆಯನ್ನು ಹೆಚ್ಚೇನೂ ತಡೆಯದು. ಅದಕ್ಕಿಂತ ರಬ್ಬರ್ ಬುಶ್ ಮೇಲೆ ಫ್ಯಾನು ಕೂರಿಸುವುದು, ಅಲಗಿಗೂ ಜಾಲರಿಗೂ ನಡುವೆ ಜಾಗ ಬಿಡುವುದು, ಅದುರುವ ಅಗಲ ತಗಡಿಗೆ ಅಂಚು ಮಡಚಿ ಬಿಗಿ ಕೊಡುವುದು ಮೇಲು. ಕೂಲರ್ ಬಾಡಿ, ಟ್ರಂಕು ಮಾಡುವ ತಗಡು ಕೆಲಸದವರ ಕೈಗೆ ಇದು ಎಟುಕದ ವಿದ್ಯೆಯಲ್ಲ. ಎಟಿಎಕ್ಸ್ ಮದರ್‌ಬೋರ್ಡಿನ ಅಳತೆ 305x244 ಮಿಲಿಮೀಟರ್ ಎಂದು ನಿಗದಿಯಾಗಿದೆ, ಸ್ಕ್ರೂ ತೂತುಗಳ ಸ್ಥಾನವೂ ಗೊತ್ತುಪಡಿಸಿದ್ದೇ. ಉಳಿದದ್ದು ನಕ್ಷೆ ಮತ್ತು ತಾಳ್ಮೆ.

ಇಷ್ಟೆಲ್ಲ ಯಾಕೆ, ನೀರಿನ ಕೂಲಿಂಗ್ ಹಾಕಿದರಾಯಿತಲ್ಲ ಎನ್ನಬಹುದು. ನೀರು ಉಷ್ಣವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ರೇಡಿಯೇಟರಿನ ಮೇಲೆ ಹಾಯುವುದೂ ಅದೇ 42 ಡಿಗ್ರಿಯ ಗಾಳಿ; ಮೇಲೆ ಪಂಪಿನ ಸದ್ದು, ಸೋರುವ ಭಯ. ಹರವಾದ ರೇಡಿಯೇಟರಿನಿಂದ ಲಾಭವಿರುವುದು ನಿಜ, ಆದರೆ ದಾರಿ ಕೆಟ್ಟ ಕ್ಯಾಬಿನೆಟ್ಟನ್ನು ಅದು ಸರಿಪಡಿಸದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಮನೆಯಲ್ಲಿ ಕೂಲರೇ ಭೋರ್ಗರೆಯುವಾಗ ಕಂಪ್ಯೂಟರಿನ ಮೌನಕ್ಕೆ ಏನು ಬೆಲೆ? ಕೂಲರ್ ಓಡುವುದು ಬೇಸಿಗೆಯಲ್ಲಿ. ಯಂತ್ರ ವರ್ಷವಿಡೀ ಓಡುತ್ತದೆ. ಧ್ವನಿ ರೆಕಾರ್ಡ್ ಮಾಡುವವರು ಆ ಹೊತ್ತಿಗೆ ಕೂಲರ್ ನಿಲ್ಲಿಸಬಲ್ಲರು, ಕಂಪ್ಯೂಟರ್ ನಿಲ್ಲಿಸಲಾರರು. ಅಲ್ಲದೆ ನಿಧಾನ ಫ್ಯಾನಿನ ಬೇರಿಂಗ್ ಬೇಗ ಸವೆಯದು. ಜಾಗ ಹೆಚ್ಚು ಬೇಕು ಎಂಬ ದೂರನ್ನು ಮಾತ್ರ ಒಪ್ಪಲೇಬೇಕು: ಇಂಥ ಕ್ಯಾಬಿನೆಟ್ ಪುಟ್ಟದಾಗಿರಲಾರದು, ಗೋಡೆಗೆ ಒತ್ತಿ ಇಡುವಂತೆಯೂ ಇಲ್ಲ.

ಇಷ್ಟು ಜಾಗ ಕೊಡಲಾಗದವರು ಉಷ್ಣವನ್ನೇ ಕಡಿಮೆ ಹುಟ್ಟಿಸಬೇಕು. 170 ವ್ಯಾಟ್ ದರ್ಜೆಯ ಅದೇ ರೈಜನ್‌ನಲ್ಲಿ 105 ಮತ್ತು 65 ವ್ಯಾಟಿನ ಇಕೋ ಮೋಡ್ ಉಂಟು. ವಿದ್ಯುತ್ತು ಇಳಿದಷ್ಟು ವೇಗ ಇಳಿಯುವುದಿಲ್ಲ. ನಿಜಕ್ಕೂ, ಜಾಗ ಇದ್ದವರೂ ಮೊದಲು ಇದನ್ನೇ ಮಾಡಿ, ಆಮೇಲೆ ಗಾಳಿಯ ದಾರಿ, ನಂತರ ಫ್ಯಾನು, ಕೊನೆಗೆ ಅದುರುವ ತಗಡು ಎಂಬ ಕ್ರಮದಲ್ಲಿ ಹೋಗುವುದು ಲೇಸು. ಅಂಗಡಿಯಲ್ಲಿ ದುಡ್ಡು ಖರ್ಚಾಗುವುದು ಸಾಮಾನ್ಯವಾಗಿ ಬಣ್ಣದ ಲೈಟು, ಗಾಜಿನ ಬಾಗಿಲಿನ ಮೇಲೆ. ಅದೇ ದುಡ್ಡಿಗೆ ಎರಡು ದೊಡ್ಡ ಫ್ಯಾನು, ತೊಳೆಯಬಹುದಾದ ಒಂದು ಜಾಲರಿ ಬರುತ್ತವೆ. ಮೇ ತಿಂಗಳ ಮಧ್ಯಾಹ್ನದಲ್ಲಿ ಕೆಲಸಕ್ಕೆ ಬರುವುದು ಅವೇ.