ಕೊಟ್ಟಿಗೆಯ ಗುಬ್ಬಿಗೂಡು: ಹಕ್ಕಿಯ ನಡೆ ನೋಡಿ ಔಷಧಿ ಸಿಂಪಡಿಸಿ



ಹೆಂಚಿನ ಕೊಟ್ಟಿಗೆಗಳು ಹೋಗಿ ತಾರಸಿ, ಶೀಟುಗಳು ಬಂದ ಮೇಲೆ ಗುಬ್ಬಚ್ಚಿಗೆ ಗೂಡಿಡಲು ಸಂದು ಸಿಗುವುದು ಕಡಿಮೆಯಾಗಿದೆ. ಆದ್ದರಿಂದ ಕೆಲವರು ಕೊಟ್ಟಿಗೆಯ ಜಂತಿಗೆ ಮರದ ಪೆಟ್ಟಿಗೆಯನ್ನೋ ತೂತು ಮಾಡಿದ ಮಡಕೆಯನ್ನೋ ಕಟ್ಟುತ್ತಾರೆ. ಬಾಯಿ ಒಂದೂಕಾಲು ಅಂಗುಲವಿದ್ದರೆ ಗುಬ್ಬಿ ನುಗ್ಗುತ್ತದೆ, ಗೊರವಂಕ ನುಗ್ಗಲಾರದು. ಅರಸೀಕೆರೆಯ ಬಯಲುಸೀಮೆಯಲ್ಲಿ ಪಡುವಣ ಬಿಸಿಲು ಬೀಳದಂತೆ, ಬೇಲೂರಿನ ಮಲೆನಾಡ ಸೆರಗಿನಲ್ಲಿ ಮುಂಗಾರಿನ ಎರಚಲು ಹೊಡೆಯದಂತೆ, ನಡುವಿನ ಹಳೇಬೀಡಿನಲ್ಲಿ ಇವೆರಡನ್ನೂ ನೋಡಿಕೊಂಡು ಕಟ್ಟಬೇಕು.

ಒಳಗೇನು ನಡೆದಿದೆಯೆಂದು ತಿಳಿಯಲು ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಹಾಲು ಕರೆಯುವ ಹೊತ್ತಿನಲ್ಲಿ ಹೊರಗಿನಿಂದ ಗಮನಿಸಿದರೆ ಸಾಕು.

1. ಕತ್ತಿನಡಿ ಕಪ್ಪು ಮಚ್ಚೆಯ ಗಂಡು ಬಾಯಲ್ಲಿ ಕೂತು ಎಡೆಬಿಡದೆ ಚಿಲಿಪಿಲಿ ಎನ್ನುತ್ತಿದ್ದರೆ, ಜಾಗ ಹಿಡಿದು ಹೆಣ್ಣನ್ನು ಕರೆಯುತ್ತಿದೆ ಎಂದರ್ಥ.

2. ಒಣಹುಲ್ಲು ತಂದರೆ ಗೂಡು ಕಟ್ಟುತ್ತಿವೆ. ಕೋಳಿಪುಕ್ಕ ತರತೊಡಗಿದರೆ ಮೊಟ್ಟೆಯಿಡುವ ಕಾಲ ಹತ್ತಿರವಾಯಿತು.

3. ಇದ್ದಕ್ಕಿದ್ದಂತೆ ಸದ್ದಡಗಿದರೆ ಗೂಡು ಬಿಟ್ಟುಹೋದವೆಂದು ಭಾವಿಸಿ ಪೆಟ್ಟಿಗೆ ಇಳಿಸಬೇಡಿ. ಒಂದು ಒಳಗೆ ಹೋದೊಡನೆ ಇನ್ನೊಂದು ಹೊರಬಂದರೆ ಕಾವು ಕೂತಿವೆ. ಕಾವಿನ ಅವಧಿ 11ರಿಂದ 14 ದಿನ.

4. ಕೊಕ್ಕಿನಲ್ಲಿ ಹುಳು ತಂದರೆ ಮರಿ ಒಡೆದಿವೆ. ಒಳಗಿನಿಂದ ಬಿಳಿ ಉಂಡೆ ಹೊತ್ತು ಹೊರಹಾಕಿದರೆ ಅದು ಮರಿಗಳ ಹಿಕ್ಕೆ. ಮರಿಗಳು ಚೆನ್ನಾಗಿ ತಿನ್ನುತ್ತಿವೆ.

5. ಹುಳು ಹಿಡಿದು ಒಳಹೋಗದೆ ದೂರದಲ್ಲೇ ಕೂಗುತ್ತಿದ್ದರೆ ನೀವೋ ಬೆಕ್ಕೋ ತೀರಾ ಹತ್ತಿರವಿರಬೇಕು. ಸ್ವಲ್ಪ ಸರಿದು ನಿಲ್ಲಿ.

ಇದನ್ನೆಲ್ಲ ತಿಳಿಯುವುದರಿಂದ ಏನು ಪ್ರಯೋಜನ? ಗುಬ್ಬಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗಳಿಗೆ ಹೆಚ್ಚಾಗಿ ಕೊಡುವುದು ಹುಳುಹುಪ್ಪಟೆ. ಉಣ್ಣೆ, ನೊಣದ ಔಷಧಿಯನ್ನು ಕೊಟ್ಟಿಗೆಯಲ್ಲಿ ಸಿಂಪಡಿಸಿದಾಗ ತಾಯ್ತಂದೆಗಳು ವಿಷ ತಾಗಿದ ಹುಳುವನ್ನೇ ಹೆಕ್ಕಿ ಮರಿಗಳಿಗೆ ಉಣಿಸುವ ಅಪಾಯವಿದೆ. ಹಾಗೆಂದು ಉಣ್ಣೆ ಔಷಧಿ ನಿಲ್ಲಿಸಬಾರದು. ರಾಸುಗಳ ಆರೋಗ್ಯಕ್ಕೆ ಅದು ಬೇಕೇ ಬೇಕು. ಪುಕ್ಕ ತರುವುದು ಕಂಡ ದಿನದಿಂದ ಸುಮಾರು ಒಂದು ತಿಂಗಳು ರಾಸುಗಳನ್ನು ಹೊರಗೆ ಕಟ್ಟಿ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಮೈಗೆ ಮಾತ್ರ ಸಿಂಪಡಿಸಿ. ಗೋಡೆ, ಮಾಡಿಗೆ ಹೊಡೆಯುವುದನ್ನೂ ಸುಣ್ಣ ಬಳಿಯುವುದನ್ನೂ ಮರಿ ಹಾರಿದ ಮೇಲೆ ಇಟ್ಟುಕೊಳ್ಳಿ.

ಮೊಟ್ಟೆಯೊಡೆದ ಎರಡು ವಾರದ ಸುಮಾರಿಗೆ ಮರಿಗಳು ಹಾರುತ್ತವೆ. ಗಂಡು ಮತ್ತೆ ಬಾಯಲ್ಲಿ ಕೂತು ಕೂಗಿದರೆ ಎರಡನೇ ಸಲದ ಸಂಸಾರ ಶುರುವಾಯಿತೆಂದು ತಿಳಿಯಿರಿ. ಹಾಗೆ ಕೂಗದೆ ಹಲವು ದಿನ ಖಾಲಿಯಿದ್ದರೆ ಹಳೆಯ ಹುಲ್ಲು ತೆಗೆದು, ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಕೈತೊಳೆದು ಹಾಲು ಕರೆಯಲು ಕೂರಿ.